ಈ ಗಾಲಿಮನೆ ಯಾರದು?

ಎವಾರಿಸ್ತೊ ಲರ್ರೋಸಾ ಮಾಡಿದ ತಪ್ಪು ಒಂದೇ: ತನ್ನ ಗಾಲಿಮನೆಯ ಕಿಟಕಿಗಳಿಗೆ ಪರದೆ ಹೊಲಿಸಿದ್ದು. ಪರದೆ ಇಲ್ಲದಿದ್ದರೆ ಬಿಸಿಲು ಮುಖಕ್ಕೆ ಬಡಿಯುತ್ತಿತ್ತು, ಅಷ್ಟೇ. ಹೊಲಿಸಿದ ಮೇಲೆ ಇಡೀ ಬೀದಿಯೇ ಬಂದು ಮುಖಕ್ಕೆ ಬಡಿಯಿತು.

ಎವಾರಿಸ್ತೊ ನಮ್ಮ ಸಾಂತಾ ಬ್ರಿಹಿದಾ ಊರಿನ ಬೇಕರಿಯವನು. ಐವತ್ತು ದಾಟಿದ ಬ್ರಹ್ಮಚಾರಿ. ಊರು ಮಲಗುವಾಗ ಎದ್ದು ಹಿಟ್ಟು ನಾದುವವನು, ಊರು ಏಳುವಾಗ ಮಲಗುವವನು. ಮಲಗುವವನು ಎಂದರೆ ತಪ್ಪಾದೀತು, ಮಲಗಲು ಹೋಗುವವನು. ಅವನು ಮಂಚದ ಮೇಲೆ ಬೆನ್ನಿಟ್ಟ ಗಳಿಗೆಗೇ ಎಡಗಡೆ ಮನೆಯ ವಿಧವೆ, ಊರೆಲ್ಲ ಗೌರವದಿಂದ ದೋನ್ಯ ಎಂದು ಕರೆಯುವ ನೆಲಿದಾ, ಹೊಲಿಗೆ ಮಿಷನ್ನು ತುಳಿಯಲು ಶುರು ಮಾಡುತ್ತಿದ್ದಳು. ಅದು ಸಾಲದೆಂದು ತೊಂಬತ್ತು ದಾಟಿದ ತನ್ನ ಕಿವುಡಿ ತಾಯಿಗೆ ಊರಿನ ಸಮಾಚಾರವನ್ನೆಲ್ಲ ಕೂಗಿ ಹೇಳುತ್ತಿದ್ದಳು. ತಾಯಿಗೆ ಕೇಳಿಸುತ್ತಿರಲಿಲ್ಲ, ಎವಾರಿಸ್ತೊಗೆ ಕೇಳಿಸುತ್ತಿತ್ತು. ಬಲಗಡೆ ಮನೆಯ ಕಟುಕ ವಿಲ್ಮಾರ್ ಕಾರ್ನಿವಲ್ ಮೆರವಣಿಗೆಯಲ್ಲಿ ಡೋಲು ಬಾರಿಸುವವನು. ಕಾರ್ನಿವಲ್ ವರ್ಷಕ್ಕೊಮ್ಮೆ, ಅಭ್ಯಾಸ ದಿನಾ. ಎದುರು ಮನೆಯಲ್ಲಿ ನಿವೃತ್ತ ರೈಲ್ವೆ ಮೆಕ್ಯಾನಿಕ್ ಗುಮೆರ್ಸಿಂದೊ, ಕೆಡದೇ ಇರುವ ನೀರಿನ ಪಂಪನ್ನು ದಿನಾ ಬಿಚ್ಚಿ ಸರಿ ಮಾಡಿ, ಸರಿಯಾಯಿತೋ ಇಲ್ಲವೋ ಎಂದು ಗಂಟೆಗಟ್ಟಲೆ ಓಡಿಸಿ ನೋಡುತ್ತಿದ್ದ.

ಹೀಗಿರುವಾಗ ಎವಾರಿಸ್ತೊ ಒಮ್ಮೆ ಬೇಕರಿಗೆ ಮೊಟ್ಟೆ ತರಲೆಂದು ಊರಾಚೆಯ ಒಂದು ದನದ ಹಟ್ಟಿಗೆ ಹೋದ. ಅಲ್ಲಿ ನೀಲಗಿರಿ ಮರದ ಕೆಳಗೆ ಒಂದು ಹಳೆಯ ಕ್ಯಾಂಪರ್ ವ್ಯಾನು ನಿಂತಿತ್ತು. ಹಿಂದೆ ಮಲಗುವ ಜಾಗ, ಪಕ್ಕದಲ್ಲಿ ಒಲೆಯ ಜಾಗ, ಮೂಲೆಯಲ್ಲಿ ಅಂಗೈಯಗಲದ ತೊಟ್ಟಿ. ಇಂಥದ್ದಕ್ಕೆ ನಮ್ಮಲ್ಲಿ ಗಾಲಿಮನೆ ಎನ್ನುತ್ತೇವೆ. ಬಾಗಿಲು ತೆಗೆದರೆ ಒಳಗೆ ಕೂತಿದ್ದ ಕೋಳಿ “ಬಾಗಿಲು ಹಾಕ್ಕೊಂಡು ಹೋಗಯ್ಯಾ” ಎಂಬಂತೆ ನೋಡಿತು. ತೊಟ್ಟಿಯಲ್ಲಿ ಮೊಟ್ಟೆಗಳಿದ್ದವು. ನೆಲ ಎಷ್ಟು ತುಕ್ಕು ತಿಂದಿತ್ತೆಂದರೆ ಒಳಗೆ ನಿಂತವನಿಗೆ ಹೊರಗಿನ ಹುಲ್ಲು ಕಾಣುತ್ತಿತ್ತು. ಆದರೆ ಎವಾರಿಸ್ತೊ ನೋಡಿದ್ದು ಅದನ್ನಲ್ಲ. ಬಾಗಿಲು ಮುಚ್ಚಿದಾಗ ಹೊರಗಿನ ಸದ್ದು ನಿಂತಿತು. ಅಷ್ಟು ಮೌನವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸತ್ತ ಚಿಕ್ಕಮ್ಮನ ಪಿಯಾನೊ ಮಾರಿ ಅದನ್ನು ಕೊಂಡ. ಮೊಟ್ಟೆ ತರಲು ಹೋದವನು ಮೊಟ್ಟೆ ಇಟ್ಟ ಜಾಗವನ್ನೇ ಎಳೆಸಿಕೊಂಡು ಬಂದ ಎಂದು ಊರೆಲ್ಲ ನಕ್ಕಿತು.

ಒಂದು ಚಳಿಗಾಲ, ಒಂದು ಬೇಸಿಗೆ ಅವನು ಅದರ ಹಿಂದೆ ಬಿದ್ದ. ನಿದ್ದೆ ಮಾಡಬೇಕಾದ ಹೊತ್ತಿನಲ್ಲಿ ತುಕ್ಕು ಕೆರೆದ. ನೆಲಕ್ಕೆ ಹೊಸ ತಗಡು ಬೆಸೆದ. ಕೋಳಿಯ ವಾಸನೆ ಹೋಗಲೆಂದು ವಾರಗಟ್ಟಲೆ ನಿಂಬೆಹಣ್ಣಿನಿಂದ ತಿಕ್ಕಿದ. ಎಲ್ಲಕ್ಕಿಂತ ಮಿಗಿಲಾಗಿ ಒಂದು ಹಾಸಿಗೆ ಮಾಡಿದ: ಒಬ್ಬನಿಗೆ, ತನ್ನದೇ ಅಳತೆಗೆ, ಒಳ್ಳೆಯ ಕುರಿಯುಣ್ಣೆ ತುಂಬಿ. ಪ್ರವಾಸದ ವಾರ ಬಂದಾಗ ಇಡೀ ಉರುಗ್ವೆ ಬೇಕರಿ, ಕಚೇರಿ, ಶಾಲೆಗಳಿಗೆಲ್ಲ ಬೀಗ ಹಾಕಿ ಹೊರಡುತ್ತದಲ್ಲ, ಆಗ ಗಾಲಿಮನೆಯನ್ನು ರೋಚಾ ಕಡೆಯ ಯಾವುದಾದರೂ ಜನವಿಲ್ಲದ ಕಡಲ ತೀರದಲ್ಲಿ ನಿಲ್ಲಿಸಿ ಏಳು ದಿನ ಒಂದೇ ಸಮ ಮಲಗಿಬಿಡುವುದು ಅವನ ಆಸೆ. ಕಡಲನ್ನು ನೋಡುವ ಆಸೆ ಕೂಡ ಅವನಿಗಿರಲಿಲ್ಲ.

ಪರದೆಯೊಂದನ್ನು ಮಾತ್ರ ಅವನಿಗೆ ಹೊಲಿಯಲು ಬರಲಿಲ್ಲ. ದೋನ್ಯ ನೆಲಿದಾಳನ್ನು ಕೇಳಿದ. ಅವಳು ಹೊಲಿದು ತಂದು ತಾನೇ ಕಟ್ಟಿದಳು. ಪರದೆ ಕಟ್ಟಿದ್ದು ಕಂಡು, ತನ್ನನ್ನು ಏನೂ ಕೇಳಲಿಲ್ಲವಲ್ಲ ಎಂದು ಗುಮೆರ್ಸಿಂದೊಗೆ ಹೊಟ್ಟೆಯುರಿಯಿತು. ಮಾರನೆಯ ದಿನ ಎವಾರಿಸ್ತೊ ಕಣ್ಣು ಬಿಡುವಷ್ಟರಲ್ಲಿ ಎಂಜಿನ್ನು ಅಂಗಳದ ತುಂಬ ಹರಡಿತ್ತು. ಗುಮೆರ್ಸಿಂದೊ ಅದರಲ್ಲಿ ಅರ್ಧ ಭಾಗ ಎಸೆದು ತನ್ನ ನೀರಿನ ಪಂಪಿನ ಭಾಗ ಕೂಡಿಸಿದ. ಅದನ್ನು ಕಂಡು ವಿಲ್ಮಾರ್ ಹಳೆಯ ಬಸ್ಸಿನ ಸೀಟುಗಳನ್ನೂ ಒಂದು ಒಲೆಯನ್ನೂ ತಂದು ಜೋಡಿಸಿದ. ಅವನ ಹೆಂಡತಿ ಸುಲ್ಮಾ ತಮ್ಮ ಮನೆಯ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ತಂದು ಬಳಿದಳು. ಎವಾರಿಸ್ತೊ ಒಬ್ಬೊಬ್ಬರಿಗೂ “ಬೇಡ” ಎಂದ. ನಮ್ಮ ಬೀದಿಯಲ್ಲಿ ಬೇಡ ಎಂದರೆ ಸಂಕೋಚ ಪಡುತ್ತಿದ್ದಾನೆ ಎಂದು ಅರ್ಥ.

ಪ್ರವಾಸದ ವಾರ ಶುರುವಾಗುವ ಶನಿವಾರ ಬಂತು. ಎವಾರಿಸ್ತೊ ಕೊನೆಯ ಬ್ರೆಡ್ಡು ಒಲೆಯಿಂದ ತೆಗೆದು, ಬೇಕರಿಗೆ ಬೀಗ ಹಾಕಿ, ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾತೆ ಎಂಬ ನಮ್ಮ ಚಹ ಕುಡಿಯುವ ಸೋರೆಬುರುಡೆ ಹಿಡಿದುಕೊಂಡು ಕಳ್ಳಬೆಕ್ಕಿನ ಹಾಗೆ ಗಾಲಿಮನೆಯ ಹತ್ತಿರ ಬಂದ. ಬಾಗಿಲು ತೆಗೆದ.

ಒಳಗೆ ದೋನ್ಯ ನೆಲಿದಾಳ ತಾಯಿ ದೋನ್ಯ ಎಲ್ವಿರಾ ಟೋಪಿ ಹಾಕಿಕೊಂಡು ಕೂತಿದ್ದಳು.

“ಕಡಲು ಬಂತಾ?” ಅಂದಳು.

ಎವಾರಿಸ್ತೊ ಬಾಗಿಲು ಮುಚ್ಚಿದ. ಮತ್ತೆ ತೆಗೆದ. ಅಜ್ಜಿ ಅಲ್ಲೇ ಇದ್ದಳು.

“ಬಂದ್ಯಾ? ಈ ಪೆಟ್ಟಿಗೆ ಸ್ವಲ್ಪ ಮೇಲಿಡು.” ಹಿಂದಿನಿಂದ ದೋನ್ಯ ನೆಲಿದಾ ಒಂದು ಪೆಟ್ಟಿಗೆ ಚಾಚಿದಳು.

“ದೋನ್ಯ ನೆಲಿದಾ, ಇದೇನಿದು? ನಾನು ಒಬ್ಬನೇ ಹೋಗ್ತಿರೋದು.”

“ಒಬ್ಬನೇ ಹೋಗಿ ಏನ್ ಮಾಡ್ತೀಯಾ? ನನ್ನ ಪರದೆ ಕಡಲು ನೋಡ್ಬೇಕು, ನಾನು ಇಲ್ಲಿ ಗೋಡೆ ನೋಡ್ಕೊಂಡು ಕೂತಿರಬೇಕು, ಅಲ್ವಾ? ಒಳ್ಳೆ ನ್ಯಾಯ ಕಣಪ್ಪಾ.”

“ಪರದೆ ಬಿಚ್ಚಿ ಕೊಟ್ಬಿಡ್ತೀನಿ, ತಗೊಳ್ಳಿ!”

“ಬಿಚ್ಚು ನೋಡೋಣ. ಹೊಲಿಗೆ ಹಾಕಿ ಕಟ್ಟಿದೀನಿ. ಬಿಚ್ಚಿದ್ರೆ ಗಾಡಿಯೇ ಬಿಚ್ಕೊಳುತ್ತೆ.”

ಅಜ್ಜಿಯನ್ನು ಎಬ್ಬಿಸಿ ಕೆಳಗಿಳಿಸುವ ಮಾತು ಎತ್ತುವಂತೆಯೇ ಇರಲಿಲ್ಲ. ದೋನ್ಯ ಎಲ್ವಿರಾ ಒಮ್ಮೆ ಕೂತರೆ ಆರ್ಚ್‌ಬಿಷಪ್ಪೇ ಬಂದರೂ ಏಳುವವಳಲ್ಲ. ಹಿಂದೊಮ್ಮೆ ಮದುವೆ ಮನೆಯಲ್ಲಿ ಮದುಮಗಳ ಕುರ್ಚಿಯಲ್ಲಿ ಕೂತವಳು ಊಟ ಮುಗಿದ ಮೇಲೆಯೇ ಎದ್ದಿದ್ದಳು.

ಎವಾರಿಸ್ತೊ ಹಲ್ಲು ಕಚ್ಚಿಕೊಂಡು, ಇಬ್ಬರನ್ನೂ ಊರಾಚೆಯ ನೆಲಿದಾಳ ತಂಗಿಯ ಮನೆಯಲ್ಲಿ ಇಳಿಸಿ ಹೋಗುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಮುಂದಿನ ಬಾಗಿಲಿಗೆ ಬಂದ. ಡ್ರೈವರ್ ಸೀಟಿನಲ್ಲಿ ಗುಮೆರ್ಸಿಂದೊ ರೈಲ್ವೆ ಟೋಪಿ ಹಾಕಿಕೊಂಡು, ಪ್ಲಾಟ್‌ಫಾರ್ಮು ನೋಡುವವನ ಹಾಗೆ ಬೀದಿಯನ್ನು ನೋಡುತ್ತಿದ್ದ.

“ದೋನ್ ಗುಮೆರ್ಸಿಂದೊ, ಇಳೀರಿ.”

“ಇಳಿದ್ರೆ ಓಡಿಸೋರು ಯಾರು?”

“ನಾನು! ಗಾಡಿ ನಂದು!”

“ನಿನಗೆ ಈ ಎಂಜಿನ್ನು ಕೊಡೋದೂ ಒಂದೇ, ಕೂಸನ್ನ ಕಪಿ ಕೈಗೆ ಕೊಡೋದೂ ಒಂದೇ. ಇದರ ಗುಣ ನನಗೊಬ್ಬನಿಗೇ ಗೊತ್ತು. ಎರಡನೇ ಗೇರಿಗೆ ಹಾಕೋ ಮುಂಚೆ ಇದನ್ನ ಸ್ವಲ್ಪ ಬೈಬೇಕು. ನೀನು ಬೈಯ್ಯೋ ಪೈಕಿ ಅಲ್ಲ.”

ಎವಾರಿಸ್ತೊ ಬೈಯುವ ಪೈಕಿ ಆಗುತ್ತಿದ್ದ. ಹೊಟ್ಟೆಯೊಳಗೆ ಸಿಟ್ಟು, ಹುದುಗು ಹೆಚ್ಚಾದ ಹಿಟ್ಟಿನ ಹಾಗೆ, ಉಬ್ಬಿ ಉಬ್ಬಿ ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ತಲೆಯ ಮೇಲೆ ದಡಬಡ ಎಂದು ಸದ್ದಾಯಿತು. ವಿಲ್ಮಾರ್ ಗಾಡಿಯ ಮೇಲೆ ಹತ್ತಿ ಮಾಂಸ ಸುಡುವ ಕಬ್ಬಿಣದ ಜಾಲರಿ, ಅರ್ಧ ಕುರಿಮರಿ, ಒಂದು ಮೂಟೆ ಇದ್ದಿಲು ಪೇರಿಸಿ, ಎಲ್ಲದರ ಮೇಲೆ ದೇವರನ್ನು ಕೂರಿಸಿದ ಹಾಗೆ ತನ್ನ ಡೋಲನ್ನು ಕೂರಿಸಿ ಹಗ್ಗ ಬಿಗಿಯುತ್ತಿದ್ದ.

ಡೋಲು ಕಂಡದ್ದೇ ಎವಾರಿಸ್ತೊನ ಬಗಲಿನಿಂದ ಫ್ಲಾಸ್ಕು ಬಿತ್ತು.

“ವಿಲ್ಮಾರ್! ಕೆಳಗಿಳಿಸು ಅದನ್ನ!”

“ಹೆದರ್ಬೇಡ ಮಾರಾಯ, ಗಟ್ಟಿಯಾಗಿ ಕಟ್ಟಿದೀನಿ, ಬೀಳಲ್ಲ. ಒಬ್ಬನೇ ಹೋಗ್ತಾನೆ, ಬೇಜಾರಾಗುತ್ತೆ ಅಂತ ಸುಲ್ಮಾ ಹೇಳಿದ್ಲು. ಸಂಜೆ ಹೊತ್ತು ಕಡಲ ದಂಡೆ ಮೇಲೆ ಬಾರಿಸ್ತೀನಿ ನೋಡು, ಮೀನೆಲ್ಲ ಎದ್ದು ಬರ್ಬೇಕು.”

ಸುಲ್ಮಾ ತನ್ನ ಅವಳಿ ಮಕ್ಕಳೊಂದಿಗೆ ಆಗಲೇ ಒಳಗಿದ್ದಳು. ಮಕ್ಕಳಿಬ್ಬರೂ ಬೂಟು ಹಾಕಿಕೊಂಡೇ ಉಣ್ಣೆಯ ಹಾಸಿಗೆಯ ಮೇಲೆ ಕುಣಿಯುತ್ತಿದ್ದರು.

ಎವಾರಿಸ್ತೊ ಬೀದಿಯ ನಡುವೆ ನಿಂತು ಕೂಗಿದ. ಅವನು ಅಷ್ಟು ಜೋರಾಗಿ ಕೂಗಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

“ಈ ಗಾಡಿ ನಂದು! ಕೊಂಡವನು ನಾನು! ಇದು ಧರ್ಮಛತ್ರ ಅಲ್ಲ! ಎಲ್ಲರೂ ಕೆಳಗಿಳೀರಿ!”

ಗುಮೆರ್ಸಿಂದೊ ಕಿಟಕಿಯಿಂದ ತಲೆ ಹಾಕಿ, ಬುದ್ಧಿ ಹೇಳುವ ದನಿಯಲ್ಲಿ ಕೇಳಿದ: “ನಿಂದು ಅಂತೀಯಲ್ಲ, ಯಾವ ಭಾಗ ನಿಂದು ಹೇಳು? ಎಂಜಿನ್ನು ನಂದು.”

“ಸೀಟು ನಂದು, ಒಲೆ ನಂದು,” ಮೇಲಿನಿಂದ ವಿಲ್ಮಾರ್.

“ಬಣ್ಣ ನಂದು,” ಒಳಗಿನಿಂದ ಸುಲ್ಮಾ.

“ತಗಡು ನಂದು!” ಎವಾರಿಸ್ತೊ ಅಂದ. “ತುಕ್ಕು ಕೆರೆದವನು ನಾನು! ಬೆರಳು ಕಿತ್ತು ಹೋಗೋ ಹಾಗೆ ಕೆರೆದಿದೀನಿ!”

“ಹಾಗಾದ್ರೆ ತುಕ್ಕು ನಿಂದು. ಅದನ್ನೂ ಕೆರೆದು ಬಿಸಾಕಿದೀಯ,” ಅಂದ ಗುಮೆರ್ಸಿಂದೊ.

“ಹಾಸಿಗೆ! ಹಾಸಿಗೆ ನಂದಲ್ವಾ?”

“ಅಯ್ಯೋ, ನಿಂದೇ ಕಣಪ್ಪಾ, ಯಾರು ಇಲ್ಲ ಅಂದೋರು?” ದೋನ್ಯ ನೆಲಿದಾ ಸಮಾಧಾನ ಹೇಳಿದಳು. “ಅಮ್ಮನಿಗೆ ಸೊಂಟ ನೋವು, ಅವಳೊಬ್ಬಳು ಅಲ್ಲಿ ಮಲಗ್ಲಿ. ಮಿಕ್ಕಿದ್ದೆಲ್ಲ ನಿಂದೇ.”

ಎವಾರಿಸ್ತೊ ಹೋಗಿ ಮುಂದಿನ ಚಕ್ರಕ್ಕೆ ಅಡ್ಡವಾಗಿ ರಸ್ತೆಯ ಮೇಲೆ ಕೂತುಬಿಟ್ಟ. ನನ್ನ ಮೇಲೆ ಹಾದು ಹೋಗಲಿ, ಇವತ್ತು ಒಂದು ತೀರ್ಮಾನವಾಗಲಿ ಎಂದು ಎದೆಯ ಮೇಲೆ ಕೈ ಕಟ್ಟಿದ. ದೋನ್ಯ ನೆಲಿದಾ ಇಳಿದು ಬಂದು, “ರಾತ್ರಿಯಿಡೀ ನಿದ್ದೆ ಇಲ್ಲ ಪಾಪ, ಸುಸ್ತಾಗಿದೆ” ಎಂದು ಅವನ ಬೆನ್ನಿಗೆ ದಿಂಬು ಕೊಟ್ಟು ಹೋದಳು. ಸುಲ್ಮಾ ತನ್ನ ಬುರುಡೆಯಿಂದ ಮಾತೆ ಚಹ ಕೊಟ್ಟಳು. ಹಾದು ಹೋಗುವ ಜನ “ಶುಭ ಪ್ರಯಾಣ, ಎವಾರಿಸ್ತೊ” ಎಂದು ಕೈಬೀಸಿದರು. ಸತ್ಯಾಗ್ರಹಕ್ಕೆ ಕೂತವನಿಗೆ ದಿಂಬು ಕೊಟ್ಟರೆ ಅವನು ಎಷ್ಟು ಹೊತ್ತು ಕೂತಾನು? ಎದ್ದ.

“ಆಯ್ತು. ಹೋಗೋಣ. ಆದ್ರೆ ನನ್ನನ್ನ ಯಾರೂ ಮಾತಾಡಿಸಬಾರ್ದು.”

“ಯಾರು ಮಾತಾಡಿಸ್ತಾರೆ? ಹತ್ತು, ಹತ್ತು,” ಎಂದರು ಎಲ್ಲರೂ ಒಟ್ಟಿಗೆ.

ಗುಮೆರ್ಸಿಂದೊ ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿತು, ಉಗುಳಿತು, ಸುಮ್ಮನಾಯಿತು. ಬೈದ. ಆಗಲೂ ಸುಮ್ಮನಿತ್ತು.

“ಭಾರ ಜಾಸ್ತಿಯಾಯ್ತು. ಯಾರಾದ್ರೂ ಸ್ವಲ್ಪ ತಳ್ಳಬೇಕು,” ಅಂದ.

ವಿಲ್ಮಾರ್ ಹೊಟ್ಟೆ ಹಿಡಿದುಕೊಂಡು ತನ್ನ ಹರ್ನಿಯಾ ಆಪರೇಷನ್ನಿನ ಕತೆ ಶುರು ಮಾಡಿದ. ಅಜ್ಜಿ ತಳ್ಳುವಂತಿರಲಿಲ್ಲ. ಸುಲ್ಮಾಳ ಒಂದೊಂದು ಕೈಯಲ್ಲಿ ಒಂದೊಂದು ಮಗುವಿತ್ತು. ಎಲ್ಲರ ಕಣ್ಣೂ ಎವಾರಿಸ್ತೊನ ತೋಳಿನ ಮೇಲೆ ಬಿತ್ತು.

“ದಿನಾ ಮೂಟೆಗಟ್ಟಲೆ ಹಿಟ್ಟು ನಾದೋ ತೋಳು. ನಿನಗೆ ಇದೊಂದು ಲೆಕ್ಕಾನಾ?” ಅಂದ ಗುಮೆರ್ಸಿಂದೊ.

ಎವಾರಿಸ್ತೊ ತಳ್ಳಿದ. ಸಿಟ್ಟಿನ ಬಲವೆಲ್ಲ ಸೇರಿಸಿ ತಳ್ಳಿದ. ನಮ್ಮ ಬೀದಿ ಕೊಂಚ ಇಳಿಜಾರು. ಗಾಲಿಮನೆ ಮೆಲ್ಲಗೆ ಉರುಳಿತು, ಜೋರಾಗಿ ಉರುಳಿತು, ಡಮಾರ್ ಎಂದು ಒಮ್ಮೆ ಗುಂಡು ಹಾರಿಸಿ ಎಂಜಿನ್ನು ಜೀವ ಹಿಡಿಯಿತು. ಎವಾರಿಸ್ತೊ ಹಿಂದಿನ ಹೊಗೆಯಲ್ಲಿ ಮುಳುಗಿ ಎದ್ದು ನೋಡುವಾಗ ಗಾಡಿ ಬೀದಿಯ ತುದಿಗೆ ಹೋಗಿತ್ತು.

“ನಿಲ್ಲಿಸಿ! ನಾನು ಹತ್ತಬೇಕು!”

“ನಿಲ್ಲಿಸಿದ್ರೆ ಮತ್ತೆ ಹೊರಡಲ್ಲ ಕಣೋ!” ಗುಮೆರ್ಸಿಂದೊನ ದನಿ ತೇಲಿ ಬಂತು.

“ಹಿಂದಿನಿಂದ ಬಸ್ಸಲ್ಲಿ ಬಾ!” ಸುಲ್ಮಾ ಕರವಸ್ತ್ರ ಬೀಸಿದಳು. ಗಾಡಿ ಚರ್ಚಿನ ಬಳಿ ತಿರುಗಿತು. ಡೋಲು ಕೊನೆಯದಾಗಿ ಒಮ್ಮೆ ಕಂಡು ಮರೆಯಾಯಿತು.

ಬೇರೆ ಯಾರಾದರೂ ಆಗಿದ್ದರೆ ಆ ಗಳಿಗೆಗೇ ಮನೆಗೆ ಹೋಗಿ ಮಲಗುತ್ತಿದ್ದರು. ಬೀದಿ ಖಾಲಿಯಾಗಿತ್ತು. ಮಿಷನ್ನಿಲ್ಲ, ಡೋಲಿಲ್ಲ, ಪಂಪಿಲ್ಲ. ಎವಾರಿಸ್ತೊ ಬಯಸಿದ್ದ ಮೌನ ಕಾಲ ಬುಡದಲ್ಲೇ ಬಿದ್ದಿತ್ತು. ಆದರೆ ಅವನಿಗೆ ಅದು ಕೇಳಿಸಲಿಲ್ಲ. ಅವನ ಕಿವಿಯೊಳಗೆ ರಕ್ತ ಡೋಲಿಗಿಂತ ಜೋರಾಗಿ ಬಡಿಯುತ್ತಿತ್ತು. ಬೇಕರಿಯ ಹಿಂದಿನಿಂದ ಬ್ರೆಡ್ಡು ಹಂಚುವ ಮೂರು ಗಾಲಿಯ ಸೈಕಲ್ಲು ಎಳೆದು ತಂದು ಹತ್ತಿದ.

ಪೆಟ್ರೋಲ್ ಬಂಕಿನ ಹೆಂಗಸು ಅವನನ್ನು ಕಂಡು ಕಣ್ಣು ಕಣ್ಣು ಬಿಟ್ಟಳು. “ಎಂಜಿನ್ನು ಆರಿಸ್ದೇನೇ ಪೆಟ್ರೋಲ್ ಹಾಕಿಸ್ಕೊಂಡ್ರು, ನೀನು ಒಳಗೆ ಮಲಗಿದೀಯ ಅಂದ್ರಲ್ಲ! ಗಲಾಟೆ ಮಾಡ್ಬೇಡಿ, ಯಜಮಾನರಿಗೆ ನಿದ್ದೆ ಅಂತ ನಾನು ಇಲ್ಲಿ ಎಲ್ಲರನ್ನೂ ಸುಮ್ನಿರಿಸಿದೆ!”

“ಯಜಮಾನ!” ಎವಾರಿಸ್ತೊ ಹಲ್ಲು ಕಡಿದ. ಪೆಡಲ್ ತುಳಿದ.

ಊರ ಕೊನೆಯಲ್ಲಿ ನಿವೃತ್ತ ಮೇಷ್ಟರೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು. “ಎರಡು ಬ್ರೆಡ್ಡು ಕೊಡಪ್ಪಾ. ರಜೆಯಲ್ಲೂ ಮನೆ ಬಾಗಿಲಿಗೆ ತರ್ತೀಯಲ್ಲ, ದೊಡ್ಡ ಗುಣ ನಿಂದು.”

“ಬ್ರೆಡ್ಡಿಲ್ಲ ಮೇಷ್ಟ್ರೇ! ನಾನು ಪ್ರವಾಸ ಹೋಗ್ತಿದೀನಿ!”

ಮೇಷ್ಟರು ಸೈಕಲ್ಲನ್ನೂ ಹಿಂದಿನ ಖಾಲಿ ಪೆಟ್ಟಿಗೆಯನ್ನೂ ನೋಡಿ, “ಅವರವರ ಅನುಕೂಲ” ಅಂದರು.

ಮುಂದೆ ಒಂದು ನಾಯಿ ಅಟ್ಟಿಸಿಕೊಂಡು ಬಂತು. ಎವಾರಿಸ್ತೊ ಸೈಕಲ್ಲು ನಿಲ್ಲಿಸಿ ತಿರುಗಿ ಅದರ ಮುಖಕ್ಕೇ ಬೊಗಳಿದ. ನಾಯಿ ಹೆದರಿ ಗದ್ದೆಗಿಳಿಯಿತು. ಇಡೀ ದಿನದಲ್ಲಿ ಅವನ ಮಾತಿಗೆ ಬೆಲೆ ಕೊಟ್ಟದ್ದು ಅದೊಂದೇ.

ದಾರಿಯುದ್ದಕ್ಕೂ ಅವನು ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಾ ಹೋದ. ಹೊಳೆಯ ಸೇತುವೆಯ ಹತ್ತಿರ ಬರುವಾಗ ಬೆವರಿಗೆ ಅಂಗಿಯ ಮೇಲಿನ ಹಿಟ್ಟು ಕಣಕವಾಗಿತ್ತು. ಅಲ್ಲಿ ನೋಡುತ್ತಾನೆ, ಗಾಲಿಮನೆ ನಿಂತಿದೆ. ರಸ್ತೆಗೆ ಅಡ್ಡಗಟ್ಟೆ, ಎರಡು ಪೊಲೀಸ್ ಮೋಟಾರ್ ಸೈಕಲ್ಲು. ಅವನ ನೆರೆಹೊರೆಯವರೆಲ್ಲ ರಸ್ತೆಯ ಬದಿಯಲ್ಲಿ, ಪಾಠ ಒಪ್ಪಿಸದ ಮಕ್ಕಳ ಹಾಗೆ, ಸಾಲಾಗಿ ನಿಂತಿದ್ದಾರೆ. ಗುಮೆರ್ಸಿಂದೊನ ರೈಲ್ವೆ ಟೋಪಿ ಕೈಗೆ ಬಂದಿದೆ. ಅಜ್ಜಿ ಮಾತ್ರ ಒಳಗೇ ಕೂತಿದ್ದಾಳೆ.

ಸಾರ್ಜೆಂಟ್ ಬರಿಯೋಸ್ ಎಂಬ ಪೊಲೀಸ್ ಅಧಿಕಾರಿ ಗಾಡಿಯನ್ನು ಸುತ್ತು ಹಾಕುತ್ತಿದ್ದ. ನಗುವ ವಿಷಯಕ್ಕೂ ಅಳುವ ವಿಷಯಕ್ಕೂ ಆ ಮನುಷ್ಯನಿಗಿದ್ದದ್ದು ಒಂದೇ ಮುಖ. ಅದು ಕಲ್ಲಿನದು. ಅವನು ಮೇಲಿನ ಇದ್ದಿಲು ಮೂಟೆ ನೋಡಿದ, ಕುರಿಮರಿ ನೋಡಿದ, ಡೋಲು ನೋಡಿದ. ಬಗ್ಗಿ ನೆಲದ ತಗಡು ನೋಡಿದ.

“ಕೊನೇ ಸಲ ಕೇಳ್ತಿದೀನಿ. ಈ ಗಾಡಿ ಯಾರದು?”

ಅಷ್ಟರಲ್ಲಿ ದೋನ್ಯ ನೆಲಿದಾ ಮೂರು ಗಾಲಿಯ ಸೈಕಲ್ಲು ಕಂಡಳು.

“ಬಂದ ನೋಡಿ! ಅವನದು ಸ್ವಾಮೀ, ಪೂರ್ತಿ ಅವನದು!”

“ಅವನೇ ಕೊಂಡದ್ದು, ಸರ್. ನಮ್ಮದು ಏನೇನೂ ಇಲ್ಲ,” ಗುಮೆರ್ಸಿಂದೊ ಅಂದ.

“ಎಲ್ಲಾ ಅವನದೇ. ಬೇಡ ಬೇಡ ಅಂದ್ರೂ ನಮ್ಮನ್ನ ಹತ್ತಿಸಿ ಕಳಿಸ್ದ. ತಳ್ಳಿದವನೂ ಅವನೇ,” ವಿಲ್ಮಾರ್ ಅಂದ.

ಎವಾರಿಸ್ತೊ ಸೈಕಲ್ಲಿನಿಂದ ಇಳಿದ. ಬೆಳಗಿನಿಂದ ಯಾವ ಮಾತಿಗಾಗಿ ಗಂಟಲು ಹರಿದುಕೊಂಡಿದ್ದನೋ ಆ ಮಾತನ್ನು ಈಗ ಮೂರು ಬಾಯಿ ಒಟ್ಟಿಗೆ ಹೇಳುತ್ತಿದ್ದವು. ಪೊಲೀಸರು ಹಿಡಿದ ಮೇಲೆ ಗಾಡಿ ನನ್ನದು! ಅವನ ಎದೆಯಲ್ಲಿ ಏನೋ ತಣ್ಣಗೆ, ಸಿಹಿಯಾಗಿ ಅರಳಿತು. ಸಾರ್ಜೆಂಟನ ಮುಂದೆ ನೆಟ್ಟಗೆ ನಿಂತ.

“ನನ್ನದಲ್ಲ, ಸರ್.”

“ಎವಾರಿಸ್ತೊ!” ದೋನ್ಯ ನೆಲಿದಾ ಚೀರಿದಳು.

“ಈ ಗಾಡೀನ ನಾನು ಕಂಡೇ ಇಲ್ಲ. ಬೇಕಾದ್ರೆ ವಿಚಾರಿಸಿ. ಆ ಪರದೆ ಇದೆಯಲ್ಲ, ಅದು ಈ ಅಮ್ಮನದು. ಎಂಜಿನ್ನು ಆ ಟೋಪಿಯವರದು. ಸೀಟು, ಒಲೆ, ಡೋಲು ಈ ದಪ್ಪನೆಯವನದು. ಬಣ್ಣ ಅವನ ಹೆಂಡತಿದು. ಗಾಡಿ ಅಂದ್ರೆ ಇಷ್ಟೇ ತಾನೇ? ಇದರಲ್ಲಿ ನನ್ನದು ಅನ್ನೋದು ಒಂದು ಮೊಳೆ ಇಲ್ಲ. ಬೆಳಗ್ಗೆ ಅವರೇ ಹೇಳಿದ್ರು.”

“ಯೋಚಿಸಿ ಹೇಳಿ. ನಾನು ಸಮವಸ್ತ್ರದಲ್ಲಿದೀನಿ,” ಅಂದ ಸಾರ್ಜೆಂಟ್.

“ಯೋಚಿಸಿಯೇ ಹೇಳ್ತಿದೀನಿ. ತಾಯಾಣೆ ನನ್ನದಲ್ಲ.”

ಸಾರ್ಜೆಂಟ್ ತಲೆಯಾಡಿಸಿ ಹಿಂದಕ್ಕೆ ತಿರುಗಿ ಕೈ ಎತ್ತಿದ. ನೀಲಗಿರಿ ಮರಗಳ ಹಿಂದಿನಿಂದ ಇದ್ದಕ್ಕಿದ್ದಂತೆ ಹನ್ನೆರಡು ಡೋಲುಗಳು ಒಟ್ಟಿಗೆ ಬಾರಿಸಿದವು. ದೊಡ್ಡ ಹ್ಯಾಟಿನ ಹೆಂಗಸೊಬ್ಬಳು ಹೂಗುಚ್ಛ ಹಿಡಿದುಕೊಂಡು ಓಡೋಡಿ ಬಂದಳು. ಯಾರೋ ಹೊಳೆಗೆ ಬಿದ್ದರು, ಎತ್ತಲು ತನ್ನನ್ನೇ ಕರೆದಾರು ಎಂದುಕೊಂಡು ಗುಮೆರ್ಸಿಂದೊ ಎರಡು ಹೆಜ್ಜೆ ಹಿಂದೆ ಸರಿದ.

“ಅಭಿನಂದನೆಗಳು! ನಾನು ಹೊಳೆತೀರದ ಊರುಗಳ ಪ್ರವಾಸ ಸಮಿತಿಯ ಅಧ್ಯಕ್ಷೆ,” ಎಂದಳು ಹ್ಯಾಟಿನ ಹೆಂಗಸು. “ಇವತ್ತು ಈ ಸೇತುವೆ ದಾಟೋ ಹಳೇ ಗಾಡಿಗಳಲ್ಲಿ ಎಲ್ಲಕ್ಕಿಂತ ಪ್ರೀತಿಯಿಂದ ರಿಪೇರಿ ಮಾಡಿದ್ದು ಯಾವುದೋ ಅದಕ್ಕೆ ನಮ್ಮ ಬಹುಮಾನ. ಬೆಳಗಿಂದ ನೋಡ್ತಿದೀವಿ, ಇದರ ಕಾಲ ಧೂಳಿಗೂ ಯಾವುದೂ ಸಮ ಇಲ್ಲ! ಪರದೆ, ಬಣ್ಣ ಎಲ್ಲಾ ಸರಿ. ಆದ್ರೆ ಈ ತಗಡಿನ ಕೆಲಸ ನೋಡಿ! ತುಕ್ಕಿನ ಒಂದು ಚುಕ್ಕೆ ಇಲ್ಲ. ಇದನ್ನ ಕೆರೆದ ಕೈಗೆ ಮುತ್ತಿಡಬೇಕು. ಯಾರದು ಆ ಕೈ?”

ಗುಮೆರ್ಸಿಂದೊ ಟೋಪಿಯನ್ನು ತಲೆಗಿಟ್ಟುಕೊಂಡು ಕೈ ಚಾಚಿದ. ಅಧ್ಯಕ್ಷೆ ಮುತ್ತಿಟ್ಟಳು.

“ನಂದು!” ಎವಾರಿಸ್ತೊ ಗದ್ದಲದ ನಡುವೆ ನುಗ್ಗಿದ. “ಆ ಕೈ ನಂದು! ಗಾಡಿ ನಂದು! ನಾನೇ ಕೆರೆದದ್ದು!”

ಸಾರ್ಜೆಂಟನ ಕಲ್ಲಿನ ಮುಖ ಅವನ ಕಡೆ ತಿರುಗಿತು.

“ಈಗ ತಾನೇ ಕಂಡೇ ಇಲ್ಲ ಅಂದ್ರಿ. ತಾಯಾಣೆ ಅಂದ್ರಿ. ಪೊಲೀಸರ ಮುಂದೆ ಸುಳ್ಳು ಹೇಳೋದು ಅಪರಾಧ ಅಂತ ಗೊತ್ತಲ್ಲ? ಹೇಳಿ ಮತ್ತೆ, ಸುಳ್ಳು ಹೇಳಿದ್ದು ಆಗಲೋ ಈಗಲೋ?”

ಎವಾರಿಸ್ತೊ ಬಾಯಿ ತೆರೆದ. ಆಗ ಎಂದರೂ ಠಾಣೆ, ಈಗ ಎಂದರೂ ಠಾಣೆ. ಬಾಯಿ ಮುಚ್ಚಿದ.

“ಬಿಡಿ ಸಾರ್ಜೆಂಟ್,” ಎಂದು ದೋನ್ಯ ನೆಲಿದಾ ಮುಂದೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. “ನಮಗೆ ಅವನ ಮನಸ್ಸು ಗೊತ್ತು. ಬಹುಮಾನದ ವಿಷಯ ದಾರಿಯಲ್ಲಿ ಯಾರೋ ಹೇಳಿರ್ಬೇಕು. ನಾವು ದುಡಿದಿದೀವಿ, ನಮಗೇ ಸಿಗ್ಲಿ ಅಂತ ಬೇಕಂತಲೇ ನನ್ನದಲ್ಲ ಅಂದ. ಅಲ್ವೇನೋ ಎವಾರಿಸ್ತೊ?”

“ಅಲ್ಲ—”

“ನೋಡಿ, ಒಪ್ಪಿಕೊಳ್ಳೋದೂ ಇಲ್ಲ!” ವಿಲ್ಮಾರ್ ಅವನನ್ನು ಎಲುಬು ಮುರಿಯುವಂತೆ ತಬ್ಬಿಕೊಂಡ. “ಬೆಳಗ್ಗೆ ಬಾಯಿಗೆ ಬಂದ ಹಾಗೆ ಆಡಿದ್ವಿ, ಮನಸ್ಸಲ್ಲಿಟ್ಕೋಬೇಡ ಮಾರಾಯ. ನಿನ್ನಂಥ ನೆರೆಯವನು ಸಿಗೋಕೆ ಪುಣ್ಯ ಮಾಡಿರ್ಬೇಕು.”

ಬಹುಮಾನವೇನೆಂದು ಅಧ್ಯಕ್ಷೆ ಹೇಳಿದಳು. ರೋಚಾ ಕಡಲ ತೀರದಲ್ಲಿ ಹಳೆಯ ದೀಪಸ್ತಂಭದ ಪಕ್ಕ ಒಂದು ಕಲ್ಲಿನ ಮನೆ, ಒಂದು ವಾರದ ಮಟ್ಟಿಗೆ. “ಸುತ್ತ ಒಂದು ನರಪಿಳ್ಳೆ ಇಲ್ಲ. ಗೋಡೆ ಎಷ್ಟು ದಪ್ಪ ಅಂದ್ರೆ ಪಕ್ಕದಲ್ಲಿ ಫಿರಂಗಿ ಹಾರಿಸಿದ್ರೂ ಒಳಗೆ ಮಲಗಿದವರಿಗೆ ಕೇಳಿಸಲ್ಲ.”

“ಹಾಗಾದ್ರೆ ಡೋಲು ತಗೊಂಡು ಹೋದ್ರೆ ಯಾರಿಗೂ ತೊಂದ್ರೆ ಇಲ್ಲ,” ಅಂದ ವಿಲ್ಮಾರ್.

ಕರೆದುಕೊಂಡು ಹೋಗಲು ಸಮಿತಿಯ ಬಸ್ಸೇ ಬಂದಿತ್ತು. ಸೀಟು ಇದ್ದದ್ದು ನೆರೆಹೊರೆಯವರಿಗಷ್ಟೇ, ಎವಾರಿಸ್ತೊಗೆ ಉಳಿಯಲಿಲ್ಲ. ಅಜ್ಜಿಯನ್ನು ಗಾಲಿಮನೆಯಿಂದ ಎಬ್ಬಿಸುವುದು ಹೇಗೆಂದು ಎಲ್ಲರೂ ಯೋಚಿಸುತ್ತಿರುವಾಗ ಅವಳೇ ಎದ್ದು, ಟೋಪಿ ಸರಿಮಾಡಿಕೊಂಡು, ಎವಾರಿಸ್ತೊನ ತೋಳು ಹಿಡಿದು ಇಳಿದಳು. “ನಿನ್ನ ಹಾಸಿಗೆ ಚೆನ್ನಾಗಿದೆ ಕಣಪ್ಪಾ. ಬಸ್ಸಿಗೆ ಅದನ್ನೂ ಹಾಕ್ಸು,” ಅಂದಳು. ವಿಲ್ಮಾರ್ ಹಾಕಿಸಿದ.

ಬಸ್ಸು ಹೊರಟಿತು. ಎಲ್ಲ ಕಿಟಕಿಗಳಿಂದಲೂ ಅವನಿಗೆ ಮುತ್ತುಗಳು ತೂರಿ ಬಂದವು. ಎವಾರಿಸ್ತೊ ಖಾಲಿ ಗಾಲಿಮನೆಯ ಮೆಟ್ಟಿಲ ಮೇಲೆ ಕೂತ. ಕೆಟ್ಟ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಹುಡುಕಿದರೆ ಪ್ರತಿ ಸಲವೂ ತನ್ನ ಬಾಯಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಸಾರ್ಜೆಂಟ್ ಬರಿಯೋಸ್ ಬಂದು ಪಕ್ಕದಲ್ಲಿ ನಿಂತ.

“ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು. ರಾತ್ರಿ ಎಚ್ಚರವಾಗಿರೋ ಅಭ್ಯಾಸ ಇದೆಯಾ ನಿಮಗೆ?”

ಮತ್ತೊಂದು ಸುಳ್ಳು ಹೇಳುವ ಧೈರ್ಯ ಎವಾರಿಸ್ತೊಗೆ ಇರಲಿಲ್ಲ. “ಹುಟ್ಟಿದಾಗಿಂದ ಅದೇ ಅಭ್ಯಾಸ ಸರ್. ಬೇಕರಿಯವನು.”

“ಒಳ್ಳೇದಾಯ್ತು. ಗೆದ್ದ ಗಾಡಿ ವಾರವಿಡೀ ಇಲ್ಲೇ ಸೇತುವೆ ಹತ್ರ ನಿಲ್ಲಬೇಕು, ಬಂದವರೆಲ್ಲ ನೋಡ್ಲಿ ಅಂತ. ಸಮಿತಿಯ ನಿಯಮ. ರಾತ್ರಿ ಕಾವಲಿಗೆ ಜನ ಬೇಕು. ಇದರ ಮಾಲೀಕರು ನಿಮ್ಮ ಹೆಸರು ಹೇಳಿ ಹೋದ್ರು. ಬಹಳ ನಂಬಿಕಸ್ಥ ಅಂದ್ರು.”

ಇದರ ಮಾಲೀಕರು! ಎವಾರಿಸ್ತೊ ಎದ್ದು ಮನೆಗೆ ಹೋಗಿಬಿಡಬಹುದಾಗಿತ್ತು. ಸೈಕಲ್ಲು ಅಲ್ಲೇ ಇತ್ತು. ಆದರೆ ಅವನು ಒಮ್ಮೆ ಗಾಲಿಮನೆಯ ನೆಲದ ತಗಡಿನ ಮೇಲೆ ಕೈಯಾಡಿಸಿದ. ಕಂಡಕಂಡವರು ಬೂಟು ಹಾಕಿಕೊಂಡು ಇದರ ಮೇಲೆ ಹತ್ತುವುದನ್ನು ನೆನೆಸಿಕೊಂಡ.

“ಹಗಲು?” ಎಂದು ಕೇಳಿದ.

“ಹಗಲು ನಿಮಗೇನು ಕೆಲಸ? ಒಳಗೆ ಆರಾಮಾಗಿ ಮಲಗಿ.”

ಎವಾರಿಸ್ತೊಗೆ ಅಷ್ಟು ಹೊತ್ತಿನ ಮೇಲೆ ಮೊದಲ ಸಲ ಮೈ ಹಗುರಾಯಿತು. ಹೋಗಲಿ, ಕಡಲು ಯಾರಿಗೆ ಬೇಕಿತ್ತು? ಹಾಸಿಗೆ ಹೋದರೂ ಹಲಗೆ ಇತ್ತು. ಒಳಗೆ ಹೋಗಿ ಬಾಗಿಲು ಮುಚ್ಚಿದ. ದನದ ಹಟ್ಟಿಯಲ್ಲಿ ಕೇಳಿದ್ದ ಅದೇ ಮೌನ. ಹಲಗೆಯ ಮೇಲೆ ಮೈ ಚಾಚಿ, ದೋನ್ಯ ನೆಲಿದಾ ಒಳಗೇ ಬಿಟ್ಟು ಹೋಗಿದ್ದ ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿದ.

ಹೊರಗೆ ಒಂದು ಕಾರು ಸೇತುವೆಗೆ ಬಂತು. ಹನ್ನೆರಡು ಡೋಲುಗಳು ಒಟ್ಟಿಗೆ ಬಾರಿಸಿದವು. ಹಲಗೆ ನಡುಗಿತು. ಎವಾರಿಸ್ತೊ ದಿಢೀರನೆ ಎದ್ದು ಕಿಟಕಿಯಿಂದ ತಲೆ ಹೊರಹಾಕಿದ.

“ಇನ್ನೂ ಯಾಕೆ ಬಾರಿಸ್ತಿದಾರೆ? ಬಹುಮಾನ ಕೊಟ್ಟಾಯ್ತಲ್ಲ!”

“ಅದು ಬಹುಮಾನಕ್ಕಲ್ಲ,” ಅಂದ ಸಾರ್ಜೆಂಟ್. “ಪ್ರವಾಸಿಗರಿಗೆ ಸ್ವಾಗತ. ವಾರವಿಡೀ, ಬೆಳಗಿಂದ ಸಂಜೆತನಕ, ಬಂದ ಒಂದೊಂದು ಗಾಡಿಗೂ.”

ಎವಾರಿಸ್ತೊ ರಸ್ತೆಯ ಕಡೆ ನೋಡಿದ. ಬೆಟ್ಟದ ತಿರುವಿನಿಂದ ಸೇತುವೆಯವರೆಗೆ ಕಾರು, ಬಸ್ಸು, ಲಾರಿ, ಗಾಲಿಮನೆಗಳು ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತಿದ್ದವು. ಇಡೀ ಉರುಗ್ವೆ ಪ್ರವಾಸ ಹೊರಟಿತ್ತು.